ನೋಡೋರು, ತೋರಿಸೋರು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಎಂದಿದ್ದರಿಂದ ಇಲ್ಲಿ ಕೊಡುತ್ತಿದ್ದೇವೆ.)



ನಿಮ್ಮಲ್ಲಿ ಯಾರ ಜೇಬಿನಲ್ಲಾದರೂ ಐವತ್ತು ರೂಪಾಯಿ ನೋಟಿದ್ದರೆ ತೆಗೆದು ಹಿಂದುಗಡೆ ನೋಡಿ. ಊರಿಗೆ ಹೋಗೋ ಬಸ್ ಚಾರ್ಜಿಗೆ ಅಂತ ಎತ್ತಿಟ್ಟಿದ್ದಾದರೆ ನೋಡಿ ಮತ್ತೆ ಒಳಗಿಟ್ಟುಬಿಡಿ. 2017ರಲ್ಲಿ ಬಂದ ಈ ನೋಟಿನ ಮೇಲೆ ಹಂಪಿಯ ಕಲ್ಲಿನ ರಥ ಇದೆ. ರಥ ಮಾತ್ರ ಇದೆ, ಮನುಷ್ಯರಿಲ್ಲ. ಕಲ್ಲು ಒಡೆದವನಿಲ್ಲ, ಹೊತ್ತವನಿಲ್ಲ, ಇವತ್ತು ಬೆಳಿಗ್ಗೆ ಆ ರಥದ ಅಂಗಳ ಗುಡಿಸಿದ ಹೆಂಗಸೂ ಇಲ್ಲ. ನಾವು ಇವತ್ತು ಮಾತಾಡಬೇಕು ಅಂತಿರೋದು ಆ ನೋಟಿನಲ್ಲಿ ಇಲ್ಲದವರ ವಿಷಯ.

ಯಾಕೆ ಈ ವಿಷಯ ಅಂತ ಕೇಳಬಹುದು. ಹಾಸ್ಟೆಲ್‌ಗಳಿಗೆ ಬಂದು ಭಾಷಣ ಮಾಡೋ ದೊಡ್ಡವರ ಬಾಯಲ್ಲಿ ಈಗ ಒಂದೇ ಮಾತು. ಸರ್ಕಾರಿ ನೌಕರಿ ಅಂತ ಕಾಯ್ತಾ ಕೂರಬೇಡಿ, ಪ್ರವಾಸೋದ್ಯಮಕ್ಕೆ ಬನ್ನಿ. ಹೋಂಸ್ಟೇ ಮಾಡಿ, ಟ್ಯಾಕ್ಸಿ ಓಡಿಸಿ, ಗೈಡ್ ಆಗಿ, ಸ್ವಂತ ಉದ್ಯಮಿ ಆಗಿ. ಹಳ್ಳಿಯಲ್ಲೇ ಇದ್ದು ದುಡೀರಿ. ಕೊನೆಗೆ ಒಂದು ಮಾತು ಸೇರಿಸ್ತಾರೆ: ದುಡ್ಡಿಗೆ ಜಾತಿ ಇಲ್ಲ. ಚಪ್ಪಾಳೆ ಬೀಳುತ್ತೆ. ನಾವು ಪ್ರವಾಸೋದ್ಯಮ ಬೇಡ ಅನ್ನೋಕೆ ಬಂದಿಲ್ಲ. ಹೊಟ್ಟೆಗೆ ದಾರಿ ತೋರಿಸಿದವರನ್ನು ಬೈದು ಕೂರೋದು ನಮ್ಮ ಕೆಲಸ ಅಲ್ಲ. ಆದರೆ ಆ ಕೊನೆಯ ಮಾತಿದೆಯಲ್ಲ, ಅದನ್ನು ಸ್ವಲ್ಪ ಉಜ್ಜಿ ನೋಡಬೇಕಾಗಿದೆ.

ಬಾಬಾಸಾಹೇಬರು ತಮ್ಮ ಪ್ರಯಾಣಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ' ಅಂತ ಅದರ ಹೆಸರು. ಹಾಸ್ಟೆಲ್ ಲೈಬ್ರರಿಯಲ್ಲಿ ಇಲ್ಲದಿದ್ದರೆ ವಾರ್ಡನ್‌ಗೆ ಅರ್ಜಿ ಕೊಡಿ. ಓದೋಕೆ ಒಂದು ಸಂಜೆ ಸಾಕು. 1901ರಲ್ಲಿ ಹುಡುಗ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಕೂಡಲೇ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು, ಗಾಡಿ ಹುಡುಗರೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ. ಲೆಕ್ಕ ನೋಡಿ. ದುಡ್ಡು ಬೇಕು, ಎರಡರಷ್ಟು ಬೇಕು, ಹುಡುಗರ ಜೊತೆ ಕೂರೋದು ಮಾತ್ರ ಬೇಡ.

ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದಾಗಲೂ ಇದೇ. ಯಾವ ಹಿಂದೂ ಹೋಟೆಲಿನಲ್ಲೂ ಇರಲು ಜಾಗ ಸಿಗೋ ಹಾಗಿರಲಿಲ್ಲ. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಅಲ್ಲಿ ಪಾರ್ಸಿಗಳಿಗೆ ಮಾತ್ರ ಜಾಗ. ಆದರೆ ಗಿರಾಕಿಯೇ ಇರಲಿಲ್ಲ, ಮೇಲ್ವಿಚಾರಕನಿಗೆ ಕಾಸು ಬೇಕಿತ್ತು. ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಊಟ ವಸತಿ ಒಪ್ಪಿಕೊಂಡ. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಜನ ಮಹಡಿ ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಮನುಷ್ಯ ಅವತ್ತು ಊರಿನ ಉದ್ಯಾನದಲ್ಲಿ ಕೂತು ಅತ್ತರು.

ದುಡ್ಡಿಗೆ ಜಾತಿ ಇಲ್ಲ ಅನ್ನೋ ಮಾತಿಗೆ ನಮ್ಮ ಉತ್ತರ ಈ ಹನ್ನೊಂದು ದಿನ. ದುಡ್ಡು ಬಾಗಿಲು ತೆಗೀತು, ನಿಜ. ತೆಗೆದ ಬಾಗಿಲನ್ನು ತೆಗೆದೇ ಇಡೋ ಶಕ್ತಿ ದುಡ್ಡಿಗಿರಲಿಲ್ಲ. ಅದಕ್ಕೆ ಬೇರೆ ಏನೋ ಬೇಕಿತ್ತು.

ಇನ್ನು 1934ರದ್ದು. ಚಳವಳಿಯ ಸಂಗಾತಿಗಳು ಸುಮಾರು 30 ಜನ ಸೇರಿ ಬಾಬಾಸಾಹೇಬರ ಜೊತೆ ವೆರೂಳದ, ಅಂದರೆ ಎಲ್ಲೋರದ, ಗುಹೆಗಳನ್ನು ನೋಡಲು ಬಸ್ಸಿನಲ್ಲಿ ಹೊರಟಿದ್ದರು. ಈಗಿನ ಭಾಷೆಯಲ್ಲಿ ಅಪ್ಪಟ ಟೂರಿಸ್ಟರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಬಳಿ ಒಂದು ಕೊಳ, ಪ್ರಯಾಣದ ಧೂಳು ಮೈಮೇಲೆ, ಕೈಕಾಲು ಮುಖ ತೊಳೆದರು. ಕೊಳ ಮೈಲಿಗೆ ಆಯ್ತು ಅಂತ ಅಲ್ಲಿನ ಮುಸ್ಲಿಮರು ಕೂಗುತ್ತಾ ಬಂದರು, ದೊಡ್ಡ ಗಲಾಟೆ ಆಯಿತು. ಆಮೇಲೆ ಕೋಟೆ ನೋಡಲು ಬಿಟ್ಟರು. ಹೇಗೆ? ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳೋಕೆ ಒಬ್ಬ ಬಂದೂಕಿನ ಸಿಪಾಯಿ ಜೊತೆಗೆ! ಹಿಂದೂ, ಪಾರ್ಸಿ, ಮುಸಲ್ಮಾನ, ಮೂವರೂ ಈ ಒಂದು ವಿಷಯದಲ್ಲಿ ಒಗ್ಗಟ್ಟು. ಸಂವಿಧಾನದ 15ನೇ ವಿಧಿ 2ನೇ ಕಲಮಿನಲ್ಲಿ ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೆಸರಿಟ್ಟು ಬರೆದಿದೆಯಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡ್ತೀರಲ್ಲ, ಅದನ್ನು ಓದುವಾಗ ಆ ಕೊಳ, ಆ ಗಾಡಿ, ಆ ಮಹಡಿ ಮೆಟ್ಟಿಲು ನೆನಪಿರಲಿ.

ಇದೆಲ್ಲ ನಾವು ನೋಡೋಕೆ ಹೋದಾಗಿನ ಕತೆ. ಈಗ ನಮ್ಮನ್ನು ಕರೀತಾ ಇರೋದು ತೋರಿಸೋ ಕೆಲಸಕ್ಕೆ. ಕಾನೂನು ಇದೆ, ಹೋಟೆಲಿಗೆ ಹೋದರೆ ಲೋಟ ಬೇರೆ ಇಡೋಕೆ ಹೆದರ್ತಾರೆ, ಎಲ್ಲಾ ಕಡೆ ಅಲ್ಲ, ಸುಮಾರು ಕಡೆ. ಆದರೆ ತೋರಿಸೋ ಕೆಲಸದಲ್ಲಿ ಮಾರಾಟ ಆಗೋದು ಏನು? ಬಟ್ಟೆ ಗಿರಣಿಯಲ್ಲಿ ಬಟ್ಟೆ ಮಾರಾಟ ಆಗುತ್ತೆ, ನೇಯ್ದವನ ಮುಖ ಯಾರಿಗೂ ಬೇಕಿಲ್ಲ. ಪ್ರವಾಸೋದ್ಯಮದಲ್ಲಿ ಮಾರಾಟ ಆಗೋದು ಕೆಲಸಗಾರನ ಮುಖವೇ. ಅವನ ನಗು, ಅವನ ಮನೆ, ಅವನ ಅಡುಗೆ, ಅವನು ಹೇಳೋ ಕತೆ. ಮನುಷ್ಯನೇ ಸರಕಾದ ಮೇಲೆ ಆ ಮನುಷ್ಯ ಯಾರ ಮನೆಯವನು ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ಹೋಂಸ್ಟೇ ಅಂತಾರೆ. ಒಳ್ಳೆಯದು. ಮೊದಲು ಹೋಂ ಇರಬೇಕಲ್ಲ! ಕಾಗದಪತ್ರ ಸರಿ ಇರೋ ಮನೆ, ಅತಿಥಿಗೆ ಬಿಡೋಕೆ ಮಿಕ್ಕಿದ ಕೋಣೆ, ಒಳಗೇ ಪಾಯಖಾನೆ, ಕಾರು ಬರೋ ದಾರಿ. ನಮ್ಮ ಕೇರಿಗಳಲ್ಲಿ ಆಶ್ರಯ ಮನೆ, ಒಂದೇ ಅಂಕಣ, ಅದರಲ್ಲಿ ಅಜ್ಜಿ, ಅಪ್ಪ ಅವ್ವ, ನಾವು, ಮೂಲೆಯಲ್ಲಿ ಆಡುಮರಿ. ಹಕ್ಕುಪತ್ರಕ್ಕೆ ಇನ್ನೂ ತಾಲೂಕು ಕಛೇರಿಗೆ ಅಲೀತಾ ಇದ್ದೀವಿ. ಹೇಗೋ ಕೋಣೆ ಕಟ್ಟಿದಿರಿ ಅಂತ ಇಟ್ಟುಕೊಳ್ಳಿ. ಊಟ ಯಾರು ಮಾಡೋದು? 2025ರ ಜೂನಿನಲ್ಲಿ ಚಾಮರಾಜನಗರ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾಗಿ ಬಂದದ್ದಕ್ಕೆ ತಂದೆತಾಯಿಗಳು ಮಕ್ಕಳನ್ನೇ ಶಾಲೆಯಿಂದ ಬಿಡಿಸಿಕೊಂಡು ಹೋದರು ಅಂತ ಪತ್ರಿಕೆಗಳಲ್ಲಿ ಬಂತು. ಪುಕ್ಕಟೆ ಊಟಕ್ಕೇ ಹೀಗಾದರೆ ದುಡ್ಡು ಕೊಟ್ಟು ಉಣ್ಣೋರು? ಪರದೇಶದವರು ಉಣ್ತಾರೆ, ಅವರಿಗೆ ನಮ್ಮ ಕೇರಿ ಯಾವುದು, ಓಣಿ ಯಾವುದು ಗೊತ್ತಿಲ್ಲ. ನಮ್ಮ ದೇಶದವರು ನಗುನಗುತ್ತಾ ಅಡ್ಡಹೆಸರು ಕೇಳ್ತಾರೆ.

ಹಾಗಾಗಿ ನಮ್ಮವರು ಎಲ್ಲಿದ್ದಾರೆ ಅಂತ ನೋಡಲು ನಾವು ಕೆಲವರು ಹಂಪಿ, ಕಮಲಾಪುರ, ಆನೆಗೊಂದಿ ಕಡೆ ತಿರುಗಿದೆವು. ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಲಾಡ್ಜಿನ ಹಾಸಿಗೆ ಬಟ್ಟೆ ಒಗೆಯೋ ಕಡೆ, ಕಕ್ಕಸು ತೊಳೆಯೋ ಕಡೆ, ಸ್ಮಾರಕದ ಅಂಗಳದಲ್ಲಿ ಕಳೆ ಕೀಳೋ ಕಡೆ, ಹೋಟೆಲಿನ ಹಿಂಬದಿಯ ಪಾತ್ರೆ ರಾಶಿ ಮುಂದೆ, ಬಾಡಿಗೆ ಆಟೋದಲ್ಲಿ. ಕ್ಯಾಷ್ ಕೌಂಟರ್‌ನಲ್ಲಿ ಹುಡುಕಬೇಡಿ.

ಒಬ್ಬ ರೂಂಬಾಯ್ ಜೊತೆ ಕೂತು ಮಾತಾಡಿದೆವು. ಪಿಯುಸಿ ಓದಿದ ಹುಡುಗ, ನಿಮ್ಮ ಹಾಗೇ ಹಾಸ್ಟೆಲಿನಲ್ಲಿ ಇದ್ದವನು. ಬೆಳಿಗ್ಗೆ ಆರಕ್ಕೆ ಬಿಸಿನೀರು ಕೊಡೋದರಿಂದ ಹಿಡಿದು ರಾತ್ರಿ ಕೊನೆಯ ಗಿರಾಕಿ ಮಲಗೋ ತನಕ. ಯಾವುದು ಕಷ್ಟ ಅಂತ ಕೇಳಿದೆವು. ಮೆಟ್ಟಿಲು ಹತ್ತಿಳಿಯೋದು ಅಂತಾನೆ ಅಂದುಕೊಂಡಿದ್ದೆವು. 'ನಗೋದಣ್ಣ' ಅಂದ. 'ಮನೇಲಿ ಏನರ ಆಗಿರಲಿ, ಅವರ ಮುಂದೆ ನಗಬೇಕು. ಅವರು ಬೈದರೂ ನಗಬೇಕು. ರಾತ್ರಿ ಮಲಗಿದಾಗ ದವಡೆ ನೋಯ್ತದೆ.' ನಮ್ಮ ತಾತಂದಿರು ಗೌಡನ ಮುಂದೆ ಚಪ್ಪಲಿ ಕೈಲಿ ಹಿಡಿದು ನಿಲ್ತಿದ್ದರು, ಮುಖ ಬಗ್ಗಿಸೋದು ಕೂಲಿಯ ಒಂದು ಭಾಗ ಆಗಿತ್ತು. ಇವನದು ಮುಖ ಎತ್ತಿ ನಗೋ ಕೂಲಿ. ವ್ಯತ್ಯಾಸ ಇಲ್ಲ ಅನ್ನಲ್ಲ. ಇವನು ಸಂಬಳ ಎಣಿಸಿಕೊಳ್ತಾನೆ, ಬೇಸರ ಬಂದರೆ ಬಿಟ್ಟು ಹೋಗಬಹುದು. ಎಲ್ಲಿಗೆ ಹೋಗೋದು ಅನ್ನೋದು ಬೇರೆ ಪ್ರಶ್ನೆ.

ಈ ದುಡಿಮೆಗೆ ಕಾಲವೂ ಇದೆ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಜನ. ಆಮೇಲೆ ಬಂಡೆ ಕಾಯೋಕೆ ಶುರು ಆದರೆ ಮಧ್ಯಾಹ್ನ ನಾಯಿಯೂ ಹೊರಗೆ ಬರಲ್ಲ. ಮಿಕ್ಕ ತಿಂಗಳು ಬಾಳೆತೋಟ, ಗಾರೆ ಕೆಲಸ, ಇಲ್ಲಾ ಬೆಂಗಳೂರು.

ಹೆಣ್ಣುಮಕ್ಕಳ ದುಡಿಮೆ ಬಗ್ಗೆಯೂ ಹೇಳಬೇಕು. 2025ರ ಮಾರ್ಚಿಯಲ್ಲಿ ಸಣಾಪುರದ ಹತ್ತಿರ ನಡೆದದ್ದು ನಿಮಗೆಲ್ಲ ಗೊತ್ತು. ಹೋಂಸ್ಟೇ ನಡೆಸುತ್ತಿದ್ದ ಹೆಣ್ಣುಮಗಳೊಬ್ಬರು ರಾತ್ರಿ ಊಟ ಆದಮೇಲೆ ಅತಿಥಿಗಳಿಗೆ ನಕ್ಷತ್ರ ತೋರಿಸಲು ಕಾಲುವೆ ದಂಡೆಗೆ ಕರೆದುಕೊಂಡು ಹೋಗಿದ್ದರು. ಮೂವರು ಬಂದು ಅವರ ಮೇಲೂ, ಇಸ್ರೇಲಿನ ಅತಿಥಿಯ ಮೇಲೂ ಅತ್ಯಾಚಾರ ಮಾಡಿದರು. ಒಡಿಶಾದಿಂದ ಬಂದಿದ್ದ ಯುವಕ ಕಾಲುವೆ ಪಾಲಾದ. ದೇಶಕ್ಕೆ ಕೆಟ್ಟ ಹೆಸರು ಬಂತು, ಪ್ರವಾಸಿಗರು ಬರೋದು ಕಡಿಮೆ ಆಗುತ್ತೆ ಅಂತ ಚರ್ಚೆ ಆಯಿತು. ಆ ರಾತ್ರಿ ಅಲ್ಲಿದ್ದವರಲ್ಲಿ ಒಬ್ಬರು ಕೆಲಸದ ಮೇಲಿದ್ದರು, ಅದು ಅವರ ಡ್ಯೂಟಿ ಆಗಿತ್ತು ಅಂತ ಎಷ್ಟು ಜನ ಮಾತಾಡಿದರು? ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಹಾಕಿದರೆ ವಾಹನ ಕೊಡಬೇಕು, ಕಾವಲು ಕೊಡಬೇಕು ಅಂತ ಕೇಳ್ತೀವಿ. ಸ್ವಂತ ಉದ್ಯಮಿ ಅಂತ ಹೆಸರಿಟ್ಟ ಕೂಡಲೇ ಕೇಳೋಕೆ ಯಾರೂ ಇಲ್ಲದಂಗಾಗುತ್ತೆ.

ಇನ್ನು ಕಾಲ ಕೆಳಗಿನ ನೆಲ. 1986ರಲ್ಲಿ ಯುನೆಸ್ಕೋದವರು ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಹಳೆಯ ಮಂಟಪಗಳಿಗೆ ಗೋಡೆ ಕಟ್ಟಿಕೊಂಡು ಜನ ಸಂಸಾರ ಮಾಡ್ತಿದ್ದರು, ಚಹಾ ಮಾರ್ತಿದ್ದರು, ರೂಮು ಬಾಡಿಗೆ ಕೊಡ್ತಿದ್ದರು. 2011ರ ಜುಲೈ 29ರಂದು ಜೆಸಿಬಿ ಬಂದವು. 300ಕ್ಕೂ ಹೆಚ್ಚು ಕುಟುಂಬಗಳ ಬದುಕು ಬೀದಿಗೆ ಬಿತ್ತು. ಕಡ್ಡಿರಾಂಪುರದ ಕಡೆ ನಿವೇಶನ ಅಂದರು. ಗಿರಾಕಿ ಇರೋದು ಗುಡಿ ಮುಂದೆ, ನಿವೇಶನ ಇರೋದು ಕಿಲೋಮೀಟರುಗಟ್ಟಲೆ ಆಚೆ. ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಎದ್ದಿದ್ದವು. ಅವರು ಕೋರ್ಟಿಗೆ ಹೋದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಡೆಯಿರಿ ಅಂತ ಹೇಳಿತು, ಮಾರ್ಚಿಯಲ್ಲಿ ಒಡೆದರು. ಸ್ಮಾರಕ ಉಳೀಬೇಕು, ಅದರಲ್ಲಿ ನಮ್ಮದು ಎರಡು ಮಾತಿಲ್ಲ. ಅದು ನಮ್ಮ ಪೂರ್ವಿಕರ ಬೆವರು. ಆದರೆ ನೋಡಿ, ರೆಸಾರ್ಟಿನ ಮಾಲೀಕನಿಗೆ ದೆಹಲಿ ತನಕ ವಕೀಲರಿದ್ದರು. ಅಲ್ಲಿ ಪಾತ್ರೆ ತಿಕ್ಕುತ್ತಿದ್ದವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ, ಹಾಗಾಗಿ ಅವಳು ಕಳೆದುಕೊಂಡದ್ದೇನು ಅಂತ ಕೇಳೋಕೆ ಆಧಾರವೇ ಇಲ್ಲ. ಅದೇ ತಿಂಗಳ ಕೊನೆಗೆ ಲಾಕ್‌ಡೌನ್ ಬಂತು. ಇಲಾಖೆಯ ಸಬ್ಸಿಡಿ ಹಿಡಿದು, ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಪ್ರವಾಸಿ ಟ್ಯಾಕ್ಸಿ ತಗೊಂಡಿದ್ದ ನಮ್ಮ ಹುಡುಗರ ಕಾರುಗಳ ಚಕ್ರ ನಿಂತವು. ಸರ್ಕಾರ ಆ ವರ್ಷ ಆಟೋ ಟ್ಯಾಕ್ಸಿಯವರಿಗೆ 5,000 ರೂಪಾಯಿ ಕೊಡ್ತೀವಿ ಅಂತ ಘೋಷಿಸಿತು. ಕಂತು ನಿಲ್ಲಲಿಲ್ಲ.

ಈಗ ಕತೆ ಹೇಳೋ ವಿಷಯಕ್ಕೆ ಬರೋಣ. ನಮಗೆ ಇದೇ ಮುಖ್ಯ ಅನ್ನಿಸಿದ್ದು, ಯಾಕಂದರೆ ಇದಕ್ಕೆ ಮನೆ ಬೇಡ, ಕೋಣೆ ಬೇಡ, ಓದು ಬೇಕು. ಓದು ನಿಮ್ಮ ಹತ್ತಿರ ಇದೆ.

ಹಂಪಿಯಲ್ಲಿ ಗೈಡುಗಳ ಹಿಂದೆ ಹಿಂದೆ ನಾವೂ ನಡೆದೆವು. ಕೃಷ್ಣದೇವರಾಯ, ಮುತ್ತುರತ್ನ ಬಳ್ಳದಲ್ಲಿ ಅಳೆದದ್ದು, ರಾಣಿಯ ಸ್ನಾನಗೃಹ, ಆನೆ ಲಾಯ. ಎಲ್ಲಾ ರಾಜನ ಕತೆ. ಮಾತಂಗ ಪರ್ವತ ಬಂದಾಗ ಒಂದೇ ಮಾತು: ಸನ್‌ರೈಸ್ ಪಾಯಿಂಟ್. ಗೆಳೆಯರೇ, ಆ ಸುತ್ತಿನ ಎತ್ತರದ ಬೆಟ್ಟಕ್ಕೆ ಮಾತಂಗ ಅಂತ ಹೆಸರು. ಮಾದಿಗರು ತಾವು ಮಾತಂಗಿಯ ಮಕ್ಕಳು, ಜಾಂಬವನ ಕುಲದವರು ಅಂತ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ರಾಮಾಯಣದಲ್ಲೂ ಶಬರಿಗೆ ನೆರಳು ಕೊಟ್ಟದ್ದು ಮತಂಗನ ಆಶ್ರಮ. ಇದನ್ನು ಇತಿಹಾಸ ಅಂತ ನಾವು ಸಾಧಿಸಲು ಹೊರಟಿಲ್ಲ, ಪುರಾಣ ಪುರಾಣವೇ. ಆದರೆ ಪಕ್ಕದ ಅಂಜನಾದ್ರಿಯ ಪುರಾಣ ಬಾಯಿ ತುಂಬ ಹೇಳೋ ಗೈಡಿಗೆ ಮಾತಂಗನ ಪುರಾಣ ಹೇಳೋಕೆ ಮಾತ್ರ ನಾಲಿಗೆ ಯಾಕೆ ಏಳಲ್ಲ?

ಇತಿಹಾಸವೇ ಬೇಕಾ, ತಗೊಳ್ಳಿ. 1520ರ ಸುಮಾರಿಗೆ ಪೋರ್ಚುಗಲ್‌ನ ಡೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದಿದ್ದ. ಅವನೂ ಒಬ್ಬ ನೋಡೋನೇ. ತುಂಗಭದ್ರೆಯ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತನ್ನೂ ದಾಟಿಸ್ತಾರೆ. ಹೊರಗೆ ತೊಗಲು! ಅದನ್ನು ಸುಲಿದವರು ಯಾರು, ಹದ ಮಾಡಿದವರು ಯಾರು, ನೀರು ಸೋರದ ಹಾಗೆ ಹೊಲಿದವರು ಯಾರು? ನಮ್ಮ ಕೈಯ ಹೊಲಿಗೆಯ ಮೇಲೆ ಕೂತು ಕುದುರೆಗಳು ಹೊಳೆ ದಾಟಿದವು. ಈಗ ಹರಿಗೋಲಿಗೆ ಪ್ಲಾಸ್ಟಿಕ್ಕು, ಡಾಂಬರು. ಟೂರಿಸ್ಟರು ಕೂತು ಗಿರಗಿರ ತಿರುಗಿ ಫೋಟೋ ತೆಗೆಸಿಕೊಳ್ತಾರೆ. ಇದೇ ಪಾಯಸ್ ರಾಜ ಕಟ್ಟಿಸುತ್ತಿದ್ದ ಕೆರೆಯ ಕೆಲಸವನ್ನೂ ನೋಡಿದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡಿದ್ದರು, ಕಾಲ ಕೆಳಗಿನ ನೆಲ ಕಾಣ್ತಿರಲಿಲ್ಲ ಅಂತಾನೆ. ಕಟ್ಟೆ ಒಡೆದು ಹೋಗ್ತಿದ್ದುದಕ್ಕೆ ಬ್ರಾಹ್ಮಣರ ಮಾತು ಕೇಳಿ ಸೆರೆಯಾಳುಗಳ ತಲೆ ಕಡಿಸಿ ಬಲಿ ಕೊಟ್ಟರಂತೆ. ಇದು ನಾವು ಕಟ್ಟಿದ ಮಾತಲ್ಲ, ರಾಜನನ್ನು ಹೊಗಳಿ ಬರೆದವನೇ ಬರೆದದ್ದು. ಮುತ್ತುರತ್ನದ ಬಳ್ಳ ಹೇಳೋ ಬಾಯಲ್ಲಿ ಈ ಕೆರೆಯ ಕತೆ ನಾವು ಕೇಳಲಿಲ್ಲ.

ತೊಗಲಿನ ಮಾತು ಬಂತು, ಇದೊಂದು ಹೇಳಿ ಮುಂದೆ ಹೋಗ್ತೀವಿ. ಅಥಣಿ, ನಿಪ್ಪಾಣಿ ಕಡೆ ನಮ್ಮವರು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಚರ್ಮ ಹದ ಮಾಡಿ, ಹೆಣ್ಣುಮಕ್ಕಳು ಜಡೆ ಹೆಣೆದು ಮಾಡೋ ಚಪ್ಪಲಿ ಕೊಲ್ಹಾಪುರಿ ಅಂತ ಮಾರಾಟ ಆಗುತ್ತೆ. ಆಚೆ ನಾಲ್ಕು ಜಿಲ್ಲೆ, ಈಚೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಒಟ್ಟು ಎಂಟು ಜಿಲ್ಲೆಗೆ 2019ರಲ್ಲಿ ಭೌಗೋಳಿಕ ಗುರುತಿನ ಹಕ್ಕು ಸಿಕ್ಕಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಇಟ್ಟಿತು, ಮಾಡಿದವರ ಹೆಸರಿಲ್ಲದೆ. ಗಲಾಟೆ ಆದಮೇಲೆ ಭಾರತದ ಕಸುಬಿನಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದ ಆಗಿ, 2,000 ಜೊತೆ ಮಾಡಿಸಿ ಒಂದೊಂದು ಜೊತೆ 800 ಯೂರೋ ಸುಮಾರಿಗೆ ಮಾರ್ತೀವಿ ಅಂದರು. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರದ ಮೇಲಾಯಿತು! ಅಪ್ಪನ ಕಸುಬು ಬಿಟ್ಟು ಓದು ಅಂತ ಬಾಬಾಸಾಹೇಬರು ಹೇಳಿದರು, ಸರಿಯಾಗೇ ಹೇಳಿದರು. ಈಗ ಬಿಡಬೇಡಿ, ಅದು ಪರಂಪರೆ ಅಂತ ಹೇಳೋ ಹೊಸ ಜನ ಹುಟ್ಟಿಕೊಂಡಿದ್ದಾರೆ. ಅವರ ಮಕ್ಕಳು ಯಾರೂ ಉಳಿ ರಂಪಿಗೆ ಹಿಡಿದದ್ದು ನಾವು ನೋಡಿಲ್ಲ. ಮಾಡೋನು ಇಷ್ಟಪಟ್ಟು ಮಾಡಬೇಕು, ಬೆಲೆ ಅವನು ಕೂಗಬೇಕು. ಅಷ್ಟಾದರೆ ನಮ್ಮ ತಕರಾರಿಲ್ಲ.

ಹಾಗಾದರೆ ಏನು ಮಾಡೋದು ಅಂತೀರಿ. ಕೆಲಸಕ್ಕೆ ಸೇರೋರು ಸೇರಿ. ಸೇರೋ ದಿನವೇ ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಎಲ್ಲ ಕೆಲಸಗಾರರಿಗೆ ಪತ್ರ ಕೊಡಬೇಕು ಅಂತಿದೆ. (ಆ ಸಂಹಿತೆಗಳ ಮೇಲೆ ನಮ್ಮ ಜಗಳ ಬೇರೆ ಇದೆ, ಅದು ಇನ್ನೊಂದು ದಿನದ ಮಾತು.) 10 ಜನ ಇರೋ ಕಡೆ ಇಎಸ್‌ಐ, 20 ಜನ ಇರೋ ಕಡೆ ಪಿಎಫ್ ಕೇಳಿ. ಗಡ್ಡೆಯ ಪಾತ್ರೆಯವಳ ಹಾಗೆ ಹೆಸರಿಲ್ಲದೆ ದುಡಿಯಬೇಡಿ. ಟ್ಯಾಕ್ಸಿ ಸಾಲ ತಗೊಳ್ಳೋರು ಸಬ್ಸಿಡಿ ಎಷ್ಟು ಅಂತ ನೋಡೋ ಮೊದಲು ಮಳೆಗಾಲದ ಕಂತು ಎಲ್ಲಿಂದ ಅಂತ ಲೆಕ್ಕ ಹಾಕಿ. ಒಬ್ಬರಿಗೆ ಕೋಣೆ ಇಲ್ಲದಿದ್ದರೆ ಕೇರಿಯ ಸಂಘದ ಹೆಸರಲ್ಲಿ ಜಾಗ ಕೇಳಿ, ಸಹಕಾರ ಸಂಘ ಮಾಡಿ, ಬೋರ್ಡಿನ ಮೇಲೆ ನಮ್ಮ ಹೆಸರೇ ಹಾಕಿ. ಪಾರ್ಸಿ ಹೆಸರು ಬರೆಸೋ ಕಾಲ ಮುಗೀತು. ಇತಿಹಾಸ ಓದ್ತಿರೋರು ಗೈಡ್ ತರಬೇತಿಗೆ ಅರ್ಜಿ ಹಾಕಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ, ಹಂಪಿಗೆ ಬರೋ ಶಾಲಾ ಮಕ್ಕಳ ಬಸ್ಸುಗಳೆಲ್ಲ ಕನ್ನಡದವೇ. ಆ ಮಕ್ಕಳಿಗೆ ಮೊದಲು ಹರಿಗೋಲಿನ ತೊಗಲು ತೋರಿಸಿ, ರಾಜನ ಕತೆ ಆಮೇಲೆ.

ದಸರೆ ರಜೆಯಲ್ಲಿ ನಿಮ್ಮಲ್ಲಿ 20 ಜನರನ್ನು ಕರೆದುಕೊಂಡು ಹಂಪಿಗೆ ಹೋಗಬೇಕು ಅಂತಿದ್ದೀವಿ. ನಾಲ್ಕು ದಿನ. ಒಂದು ದಿನ ಕಲ್ಲು ನೋಡೋದು, ಮೂರು ದಿನ ಕೆಲಸಗಾರರ ಹತ್ತಿರ ಕೂತು ಸಂಬಳ, ಹೊತ್ತು, ರಜೆ, ಊಟ ಎಲ್ಲಾ ಬರೆದುಕೊಳ್ಳೋದು. ಬರೆದದ್ದನ್ನು ಇದೇ ಪತ್ರಿಕೆಯಲ್ಲಿ ಹಾಕ್ತೀವಿ. ಬಸ್ ಚಾರ್ಜು ನಿಮ್ಮದು, ಊಟ ನಮ್ಮದು. ಮಾತಂಗ ಪರ್ವತ ಕತ್ತಲಲ್ಲೇ ಹತ್ತಬೇಕಾಗುತ್ತೆ, ಬ್ಯಾಟರಿ ಇದ್ದೋರು ತನ್ನಿ. ಹೆಣ್ಣುಮಕ್ಕಳ ಹಾಸ್ಟೆಲಿನಿಂದಲೂ ಹೆಸರು ಬರಲಿ, ಜೊತೆಗೆ ಅಕ್ಕಂದಿರು ಇರ್ತಾರೆ. ಹೆಸರು ಕೊಡೋರು ಸಭೆ ಮುಗಿದ ಮೇಲೆ ಪತ್ರಿಕೆ ಮಾರ್ತಿರೋ ಟೇಬಲ್ ಹತ್ತಿರ ಬನ್ನಿ.

ಜೈ ಭೀಮ್.